ಅಮ್ಮನ ಕೋಟೆ, ಅಮ್ಮನ ಕಡಲು, ಅಪ್ಪನ ಗಣಿ

ನಮ್ಮ ಪಕ್ಕದ ಮನೆಯ ಲಲಿತಮ್ಮನವರು ಗಂಡನ ಆಫೀಸಿನ ಎಲ್‌ಟಿಸಿ ಖರ್ಚಿನಲ್ಲಿ ಪ್ರವಾಸ ಹೋಗಿ ಬಂದರು. ಹೋಗಿ ಬಂದದ್ದು ಅವರು, ಸುಸ್ತಾದದ್ದು ನಾನು. ಬಂದ ಮಾರನೆಯ ದಿನವೇ ಒಂದು ದಪ್ಪ ಆಲ್ಬಮ್ ಹಿಡಿದು ನಮ್ಮ ಜಗಲಿಯ ಮೇಲೆ ಕೂತವರು, ನಾನು ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿ, ಸೀದು, ಪಾತ್ರೆಯ ತಳ ಕಪ್ಪಾಗುವ ತನಕ ಏಳಲಿಲ್ಲ. ಚಿತ್ರದುರ್ಗದ ಕೋಟೆಯ ಮುಂದೆ ಲಲಿತಮ್ಮ. ಮಲ್ಪೆಯ ಕಡಲಿನಲ್ಲಿ ಸೀರೆ ಎತ್ತಿ ಹಿಡಿದುಕೊಂಡ ಲಲಿತಮ್ಮ. ಕುದುರೆಮುಖದ ಗಣಿಯಲ್ಲಿ, ದೈತ್ಯ ಲಾರಿಯೊಂದರ ಚಕ್ರದ ಪಕ್ಕ, ಆ ಚಕ್ರದ ಅರ್ಧಕ್ಕೆ ಬರುವ ಲಲಿತಮ್ಮ. ಯಾವ ಫೋಟೋದಲ್ಲೂ ಅವರ ಯಜಮಾನರಿಲ್ಲ. ಪಾಪ, ಕ್ಯಾಮೆರಾ ಅವರ ಕೈಯಲ್ಲಿತ್ತು.

“ನೋಡಿ ಪದ್ಮಾ, ಕೋಟೆ, ಕಡಲು, ಗಣಿ, ಮೂರೂ ಒಂದೇ ಟ್ರಿಪ್ಪಿನಲ್ಲಿ! ನೀವೋ, ಎಲ್ಲಿಗೂ ಹೋಗೋದೇ ಇಲ್ಲ,” ಎಂದು ಅವರು ನನ್ನ ಮೇಲೆ ಕನಿಕರಪಟ್ಟರು.

ನನಗೆ ನಗು ತಡೆಯಲಾಗಲಿಲ್ಲ. ಕೋಟೆ, ಕಡಲು, ಗಣಿ ಮೂರನ್ನೂ ನಮ್ಮಮ್ಮ ಒಂದೇ ದಿನದಲ್ಲಿ ತೋರಿಸಿ, ಸಂಜೆಯ ರೈಲಿಗೆ ನೆಂಟರನ್ನು ಹತ್ತಿಸಿ ಬರುತ್ತಿದ್ದಳು. ಫೋಟೋ ಒಂದಿಲ್ಲ ಅಷ್ಟೆ. ಆದರೆ ಅದನ್ನು ಲಲಿತಮ್ಮನವರಿಗೆ ಹೇಳುವುದು ಹೇಗೆ? ಹೇಳಹೊರಟರೆ ಇನ್ನೊಂದು ಪಾತ್ರೆ ಹಾಲು ಸೀಯುತ್ತದೆ. ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ನಿಮ್ಮ ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಮೊದಲು ಇಳಿಸಿ ಬನ್ನಿ.

ನಾನು ಹುಟ್ಟಿ ಬೆಳೆದದ್ದು ಚಿನ್ನದ ಗಣಿಗಳ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿ. ನಮ್ಮಪ್ಪ ಬಂಗಾರಪೇಟೆ ಪಕ್ಕದ ಹಳ್ಳಿಯವರು. ಅಣ್ಣತಮ್ಮಂದಿರೆಲ್ಲ ರಾಗಿ ಹೊಲ, ಹಸು ಅಂತ ಉಳಿದರೆ ಇವರೊಬ್ಬರು ಚಿನ್ನದ ಗಣಿಗೆ ಇಳಿದರು. ಕೆಳಗೆ ಸುರಂಗದ ಮಾಡು ಕುಸಿಯದ ಹಾಗೆ ಮರದ ದಿಮ್ಮಿಗಳ ಆಸರೆ ಕೊಡುವುದು ಅವರ ಕೆಲಸ. ನಮಗೆ ಕೊಟ್ಟಿದ್ದ ಮನೆ ಕಾರ್ಮಿಕರ ಸಾಲುಮನೆಗಳಲ್ಲಿ ಒಂದು. ಆ ಸಾಲಿಗೆ ನಾವು ‘ಲೈನು’ ಅನ್ನುತ್ತಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ಶೀಟು. ಅಕ್ಕಪಕ್ಕದವರೆಲ್ಲ ತಮಿಳರು, ಎದುರಿನವರು ತೆಲುಗರು. ಬೆಳಗ್ಗೆ ನಲ್ಲಿಯ ಹತ್ತಿರ ಜಗಳ ಶುರುವಾಗುವುದು ತಮಿಳಿನಲ್ಲಿ, ಕಾವೇರುವುದು ತೆಲುಗಿನಲ್ಲಿ, ರಾಜಿಯಾಗುವುದು ಮಾತ್ರ ನಮ್ಮಮ್ಮನ ಕನ್ನಡದಲ್ಲಿ. ಹಾಗಂತ ಅಮ್ಮನೇ ಹೇಳಿಕೊಳ್ಳುತ್ತಿದ್ದಳು.

ಚಿನ್ನದ ಊರಿನಲ್ಲಿ ಮನೆ ಇದ್ದರೆ ಏನಾಗುತ್ತದೆ ಗೊತ್ತೆ? ನೆಂಟರು ಬರುತ್ತಾರೆ. ತಿರುಪತಿಗೆ ಹೋಗುವವರು, ಮದ್ರಾಸಿಗೆ ಹೋಗುವವರು, ಎಲ್ಲಿಗೂ ಹೋಗದವರು, ಎಲ್ಲರೂ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿದು ನಮ್ಮ ಕಡೆಯ ಸಣ್ಣ ರೈಲು ಹತ್ತಿಬಿಡುತ್ತಿದ್ದರು. ಬಂದವರು ಕಾಲು ತೊಳೆಯುವ ಮೊದಲೇ ಕೇಳುತ್ತಿದ್ದ ಪ್ರಶ್ನೆ ಒಂದೇ: “ಗಣಿ ಎಲ್ಲಿ?” ನಮ್ಮ ಕೋಣೆಯಲ್ಲಿ ನಾಲ್ಕು ಜನ ಕೂತರೆ ಐದನೆಯವರು ಎದ್ದು ನಿಲ್ಲಬೇಕು. ಅಮ್ಮನ ಪ್ರವಾಸ ಇಲಾಖೆ ಹುಟ್ಟಿದ್ದೇ ಹೀಗೆ. ನೆಂಟರನ್ನು ಕೂರಿಸಲು ಜಾಗವಿಲ್ಲದವರು ಅವರನ್ನು ಓಡಾಡಿಸಬೇಕು.

ಮೊದಲು ಕೋಟೆ. ಅದು ಕೋಟೆಯಲ್ಲ, ದಿಬ್ಬದ ಮೇಲಿದ್ದ ಹಳೆಯ ದೊರೆಯೊಬ್ಬನ ಬಂಗಲೆ. ಸುತ್ತ ಕಲ್ಲಿನ ಗೋಡೆ, ಮೂಲೆಯಲ್ಲಿ ಒಂದು ಗುಂಡನೆಯ ಗೋಪುರದಂಥದ್ದು, ಮೇಲೆ ಹೊಗೆ ಹೋಗುವ ಚಿಮಣಿ. ಇಂಗ್ಲಿಷರು ಹೋಗಿ ಕಾಲವಾಗಿತ್ತು. ಒಳಗೆ ಯಾರೋ ಆಫೀಸರರಿದ್ದರು, ಅವರ ಬನಿಯನ್ನುಗಳು ಗೋಪುರದ ಪಕ್ಕದ ಹಗ್ಗದಲ್ಲಿ ಒಣಗುತ್ತಿದ್ದವು. ಅಮ್ಮ ಬನಿಯನ್ನುಗಳ ಕಡೆ ನೋಡದೆ, “ಈ ಕ್ವಾಟೇಲಿ ಒಬ್ಬ ದೊರೆ ಇದ್ದ. ಅವನ ನಾಯಿ ನೋಡ್ಕಳಾಕೇ ಒಬ್ಬ ಆಳು,” ಎಂದು ಶುರು ಮಾಡುತ್ತಿದ್ದಳು. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ನಾಯಿಗೆ ಒಬ್ಬ ಆಳು. ಹೈಸ್ಕೂಲಿಗೆ ಬರುವಷ್ಟರಲ್ಲಿ ನಾಯಿಗೆ ಅಡುಗೆಯವನೂ ಬಂದಿದ್ದ. ನನ್ನ ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಆ ನಾಯಿ ಕುದುರೆ ಸಾರೋಟಿನಲ್ಲಿ ಗಾಳಿ ಸೇವನೆಗೆ ಹೋಗುತ್ತಿತ್ತು.

ಆಮೇಲೆ ಬಸ್ಸಿನಲ್ಲಿ ಕಡಲಿಗೆ. ಕಡಲೆಂದರೆ ಬೇತಮಂಗಲದ ಕೆರೆ. ಅಲ್ಲಿಂದಲೇ ನಮ್ಮೂರಿನ ನಲ್ಲಿಗೆ ನೀರು. ಕೆರೆ ಅಂದರೆ ನೆಂಟರು ಬರುವುದಿಲ್ಲ, ಅವರ ಊರಿನಲ್ಲೂ ಕೆರೆಯಿರುತ್ತದೆ. ಆದ್ದರಿಂದ ಅಮ್ಮ ಅದನ್ನು ಸಮುದ್ರ ಮಾಡಿದ್ದಳು. ಏರಿಯ ಮೇಲೆ ನಿಂತು, ಗಾಳಿಗೆ ಹಾರುವ ಸೆರಗನ್ನು ಒಂದು ಕೈಯಲ್ಲಿ ಹಿಡಿದು, “ನೋಡಿ, ಆಚೆ ದಡ ಕಾಣ್ತದಾ? ಕಾಣಾಕಿಲ್ಲ. ಮತ್ತೆ ಸಮುದ್ರ ಅನ್ದೆ ಇನ್ನೇನನ್ನಾನ?” ಎನ್ನುತ್ತಿದ್ದಳು.

“ಕಾಣ್ತದೆ ಕಣಮ್ಮ, ಎಮ್ಮೆ ಮೇಯ್ತಾ ಅವೆ,” ಎಂದು ನಾನೊಮ್ಮೆ ಅಂದುಬಿಟ್ಟೆ.

“ನಿಂದು ಎಳೇ ಕಣ್ಣು ಕಣಮ್ಮಿ, ಅದ್ಕೇ ಕಾಣ್ತದೆ. ಸುಮ್ಕಿರು!”

ನನಗೂ ಬಹಳ ಕಾಲ ಅದೇ ಸಮುದ್ರವಾಗಿತ್ತು. ಭಾರತದ ಸುತ್ತ ಇರುವ ಸಮುದ್ರಗಳ ಹೆಸರು ಹೇಳು ಎಂದು ಮೇಷ್ಟ್ರು ಕೇಳಿದಾಗ, ಎಲ್ಲರಿಗಿಂತ ಮೊದಲು ಎದ್ದು ನಿಂತು ಬೇತಮಂಗಲ ಅಂದವಳು ನಾನೇ. ಮೇಷ್ಟ್ರು ಬೇತಮಂಗಲದವರೇ ಆಗಿದ್ದದ್ದರಿಂದ ಹೊಡೆಯಲಿಲ್ಲ. ಹೆಮ್ಮೆಯಿಂದಲೋ ದುಃಖದಿಂದಲೋ ಕನ್ನಡಕ ತೆಗೆದು ಒರೆಸಿಕೊಂಡರು.

ಇನ್ನು ಗಣಿ. ಇಲ್ಲಿ ಅಮ್ಮನ ಇಲಾಖೆಗೆ ಒಂದು ದೊಡ್ಡ ಕೊರತೆಯಿತ್ತು. ಗಣಿಯ ಗೇಟಿನಿಂದಾಚೆಗೆ ನಮ್ಮಂಥ ಹೆಂಗಸರು ಮಕ್ಕಳನ್ನು ಬಿಡುತ್ತಿರಲಿಲ್ಲ. ಗಂಡಂದಿರು, ಅಪ್ಪಂದಿರು ದಿನಾ ಇಳಿಯುವ ಜಾಗ ಹೇಗಿದೆ ಎಂದು ಲೈನಿನ ಒಬ್ಬ ಹೆಂಗಸಿಗೂ ಗೊತ್ತಿಲ್ಲ. ನಮಗೆ ಕಾಣುತ್ತಿದ್ದದ್ದು ಕಬ್ಬಿಣದ ಎತ್ತರದ ಚೌಕಟ್ಟು, ಅದರ ತುದಿಯಲ್ಲಿ ತಿರುಗುವ ಒಂದು ದೊಡ್ಡ ಚಕ್ರ. ಜನರನ್ನು ಕೆಳಗಿಳಿಸಿ ಮೇಲೆತ್ತುವ ಕಬ್ಬಿಣದ ಪಂಜರಕ್ಕೆ ಕೇಜು ಅನ್ನುತ್ತಾರೆ. ಚಕ್ರ ತಿರುಗಿದರೆ ಕೇಜು ಓಡಾಡುತ್ತಿದೆ ಅಂತ ಅರ್ಥ. ಹೀಗಾಗಿ ಅಮ್ಮ ಗೇಟಿನ ಹೊರಗಿನಿಂದಲೇ ಚಕ್ರ ತೋರಿಸಿ, ಆಮೇಲೆ ಸೈನೈಡ್ ದಿಬ್ಬಕ್ಕೆ ಕರೆದೊಯ್ಯುತ್ತಿದ್ದಳು. ಸೈನೈಡ್ ಹಾಕಿ ಚಿನ್ನ ತೆಗೆದು ಬಿಸಾಡಿದ ಕಲ್ಲಿನ ಹುಡಿಯ ಗುಡ್ಡ ಅದು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ನಮ್ಮ ಬೆಟ್ಟ ಹತ್ತಿರ ಹೋದರೂ ನುಣ್ಣಗೇ. ಅಪ್ಪನ ಚಿಕ್ಕಪ್ಪ ಒಬ್ಬರು ಆ ಹುಡಿಯಲ್ಲಿ ಇನ್ನೂ ಚಿನ್ನ ಉಳಿದಿರುತ್ತದೆ ಎಂದು ಯಾರಿಗೂ ಹೇಳದೆ ಒಂದು ಚೀಲ ತುಂಬಿಕೊಂಡು ಹಳ್ಳಿಗೆ ಹೋದರು. ಜರಡಿ ಹಿಡಿದರು, ಗಾಳಿಗೆ ತೂರಿದರು, ನೀರಿನಲ್ಲಿ ಕದಡಿದರು, ಕೊನೆಗೆ ಬೇಜಾರಾಗಿ ಟೊಮೇಟೊ ಪಾತಿಗೆ ಸುರಿದರು. ಆ ಪಾತಿಯಲ್ಲಿ ಆಮೇಲೆ ಹುಲ್ಲುಕಡ್ಡಿಯೂ ಹುಟ್ಟಲಿಲ್ಲ.

ಕೊನೆಯ ಪ್ರದರ್ಶನ ವಸ್ತು ನಮ್ಮಪ್ಪ. ಪಾಳಿ ಮುಗಿಸಿ ಬಂದು ಕೂತವರನ್ನು ನೆಂಟರು ಸುತ್ತುವರಿದು, “ಚಿನ್ನ ಹೆಂಗಿರುತ್ತೆ ಒಳಗೆ? ಗೋಡೆ ತುಂಬಾ ಹೊಳೆಯುತ್ತಾ?” ಎಂದು ಕೇಳುವರು. ಅಪ್ಪ ಮಾತು ಕಡಿಮೆ. “ನಾನು ಕಲ್ಲು ನೋಡಿದೀನಿ, ಮರ ನೋಡಿದೀನಿ. ಚಿನ್ನ ನಿಮ್ಮನೆಯವರ ಕಿವೀಲೇ ನೋಡಿದ್ದು,” ಎನ್ನುತ್ತಿದ್ದರು. ನೆಂಟರು ನಂಬುತ್ತಿರಲಿಲ್ಲ. ನಮ್ಮ ದೊಡ್ಡಮ್ಮನಂತೂ ಅಪ್ಪನ ಬಟ್ಟೆ ಒಗೆದ ನೀರನ್ನು ಚೆಲ್ಲಲು ಬಿಡದೆ, ಸೀರೆಯ ಚುಂಗಿನಲ್ಲಿ ಸೋಸಿ, ಉಳಿದ ಕೆಸರನ್ನು ಬಿಸಿಲಿಗಿಟ್ಟು ಕಾದಳು. ಸಿಕ್ಕಿದ್ದು ಒಂದು ಅಂಗಿ ಗುಂಡಿ.

ಇಷ್ಟು ಹೇಳಿದ ಮೇಲೆ, ಅಮ್ಮ ನೆಂಟರಿಗೆ ತೋರಿಸದೆ ಇದ್ದದ್ದನ್ನೂ ಹೇಳಬೇಕು. ಕೆಳಗೆ ಆಳದಲ್ಲಿ ಬಂಡೆ ಭಾರ ತಾಳಲಾರದೆ ಒಮ್ಮೊಮ್ಮೆ ತಾನಾಗಿ ಸಿಡಿಯುತ್ತದೆ. ‘ಬರ್ಸ್ಟ್ ಆಯ್ತು’ ಅನ್ನುತ್ತಿದ್ದೆವು. ಮೇಲೆ ನಮ್ಮ ಮನೆಗಳು ಗಡಗಡ ನಡುಗುತ್ತವೆ, ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗುತ್ತವೆ. ಲೈನಿನ ಹೆಂಗಸರು ಕಿರುಚುವುದಿಲ್ಲ. ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು, ಒಲೆ ಆರಿಸಿ, ಯಾರ ಮನೆಯವರು ಪಾಳಿಯಲ್ಲಿದ್ದಾರೋ ಅವರೆಲ್ಲ ಗಣಿಯ ಗೇಟಿಗೆ ನಡೆಯುತ್ತಾರೆ. ಅಲ್ಲಿ ಚಕ್ರ ನೋಡುತ್ತ ನಿಲ್ಲುತ್ತಾರೆ. ಬಹಳ ಸಲ ಏನೂ ಆಗಿರುವುದಿಲ್ಲ. ಕೆಲವು ಸಲ ಆಗಿರುತ್ತದೆ. ಮೊದಲ ಕೇಜಿನಲ್ಲೇ ನಮ್ಮವರು ಬಂದರೂ ಯಾರೂ ಮನೆಗೆ ಹೊರಡುವಂತಿಲ್ಲ. ಕಟ್ಟಕಡೆಯ ಮನುಷ್ಯ ಮೇಲೆ ಬರುವ ತನಕ ಎಲ್ಲ ಹೆಂಗಸರೂ ನಿಂತಿರಬೇಕು. ಯಾರು ಮಾಡಿದ ನಿಯಮವೋ ಗೊತ್ತಿಲ್ಲ, ಮುರಿದವರನ್ನು ನಾನು ನೋಡಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಅಪ್ಪ ಬಂದದ್ದೇ, “ನಡಿಯಮ್ಮ, ಹಸಿವು,” ಎಂದು ಅಮ್ಮನ ಸೆರಗು ಜಗ್ಗಿದೆ.

“ನಮ್ಮೋರು ಬಂದ್ರು ಅಂತ ಒಬ್ಬೊಬ್ಬರೇ ಎದ್ದೋದ್ರೆ, ಕೊನೇಗೆ ಉಳ್ಕಂಡೋಳು ಒಂಟಿಯಾಗ್ಬುಡ್ತಾಳಲ್ಲಮ್ಮಿ,” ಎಂದಳು ಅಮ್ಮ. ತಮಾಷೆ ಮಾಡದೆ ಅವಳು ಆಡಿದ ಮಾತು ಕಡಿಮೆ. ಅದಕ್ಕೇ ಇದು ನೆನಪಿದೆ.

ಈಗ ನನ್ನನ್ನು ನೋಡಲು ಮಾಗಡಿಯಿಂದ ಗಂಡಿನ ಕಡೆಯವರು ಬಂದ ದಿನಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಬಂದ ಎರಡು ಸಂಬಂಧ ತಪ್ಪಿಹೋಗಿದ್ದವು. ಮೊದಲನೆಯವರು ಚಿನ್ನದ ಊರಿನವರೆಂದು ಏನೇನೋ ಆಸೆಪಟ್ಟು ಬಂದು, ನಮ್ಮ ಶೀಟಿನ ಮಾಡು ನೋಡಿ ಕಾಫಿ ಕುಡಿಯುವ ಮುಂಚೆಯೇ ಎದ್ದರು. ಎರಡನೆಯವರು ಗಣಿಯವರ ಮನೆಯ ಸಹವಾಸ ಬೇಡ, ಯಾವಾಗ ಏನು ಸುದ್ದಿ ಬರುತ್ತೋ ಎಂದು ಹೇಳಿ ಕಳಿಸಿದರು. ಅಪ್ಪನ ನಿವೃತ್ತಿ ಹತ್ತಿರವಾಗಿತ್ತು. ನಿವೃತ್ತಿಯಾದರೆ ಲೈನಿನ ಮನೆ ಬಿಡಬೇಕು. ಮಗಳನ್ನು ಈ ಮನೆಯಿಂದಲೇ ಧಾರೆಯೆರೆದು ಕೊಡಬೇಕು ಅನ್ನುವುದು ಅಮ್ಮನ ಹಟ. “ಈ ಸಲ ತಪ್ಪೋದ್ರೆ ನಾನು ತಲೆ ಎತ್ಕಂಡು ನಲ್ಲಿ ತಾವ ಓಗಾಕಾಗಾಕಿಲ್ಲ,” ಎಂದು ಅವಳು ಹದಿನೈದು ದಿನದಿಂದ ದೇವರಿಗೂ ನನಗೂ ಒಟ್ಟೊಟ್ಟಿಗೆ ಹೇಳುತ್ತಿದ್ದಳು. ನನಗೂ ಆಸೆಯಿರಲಿಲ್ಲವೆಂದರೆ ಸುಳ್ಳಾದೀತು. ಮೂರನೆಯ ಸಲವೂ ಬೇಡವೆನ್ನಿಸಿಕೊಳ್ಳುವುದು ನನಗೂ ಬೇಕಿರಲಿಲ್ಲ.

ಭಾನುವಾರ ಗಣಿಗೆ ರಜೆ. ಆದರೆ ಆಸರೆ ಕಟ್ಟುವವರಿಗೆ, ರಿಪೇರಿಯವರಿಗೆ ಸರದಿಯ ಮೇಲೆ ಕೆಲಸವಿರುತ್ತಿತ್ತು. ಆ ಭಾನುವಾರ ಅಪ್ಪನ ಸರದಿ. ಪಾಳಿ ಮುಗಿಸಿ ಮಧ್ಯಾಹ್ನ ಮೇಲೆ ಬಂದು, ಸ್ನಾನ ಮಾಡಿ, ನಾಲ್ಕೂವರೆಗೆ ರಾಹುಕಾಲ ಶುರುವಾಗುವ ಮೊದಲು ಹೆಣ್ಣು ತೋರಿಸುವ ಶಾಸ್ತ್ರ ಮುಗಿಸುವುದೆಂದು ಮಾತಾಗಿತ್ತು. ಬಂದವರು ಮೂರೇ ಜನ. ಹುಡುಗ ಸಿದ್ದರಾಜು, ಸ್ಕೂಲ್ ಮೇಷ್ಟ್ರು. ಅವನ ತಾಯಿ ಗೌರಮ್ಮ, ವಿಧವೆ, ಮಾತೇ ಆಡದವರು. ಇಬ್ಬರ ಪಾಲಿನ ಮಾತನ್ನೂ ಆಡುವ, ಕೈಗಡಿಯಾರವನ್ನು ಐದು ನಿಮಿಷಕ್ಕೊಮ್ಮೆ ನೋಡುವ, ಹುಡುಗನ ಸೋದರಮಾವ ರಂಗಪ್ಪನವರು.

ಅವರು ಬೆಳಗ್ಗೆಯೇ ಬಂದು ಇಳಿದರು! ಅಷ್ಟು ಹೊತ್ತು ಅವರನ್ನು ಆ ಕೋಣೆಯಲ್ಲಿ ಕೂರಿಸಿದರೆ ಗೋಡೆಯ ಒಂದೊಂದು ಬಿರುಕನ್ನೂ ಓದಿ ಮುಗಿಸುತ್ತಾರೆ. ಅಡುಗೆಯನ್ನು ನನಗೂ ಪಕ್ಕದ ಮನೆಯ ಸೆಲ್ವಿಗೂ ಒಪ್ಪಿಸಿ, ಅಮ್ಮ ಸೆರಗು ಸಿಕ್ಕಿಸಿಕೊಂಡು ಬೀಗರಾಗಬೇಕಾದವರನ್ನು ಪ್ರವಾಸಕ್ಕೆ ಹೊರಡಿಸಿಯೇಬಿಟ್ಟಳು. ಸೆಲ್ವಿ ಧರ್ಮಪುರಿ ಕಡೆಯಿಂದ ಮದುವೆಯಾಗಿ ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. ಅವಳ ಗಂಡ ಮುರುಗನೂ ಅಪ್ಪನ ಜೊತೆ ಅದೇ ಪಾಳಿಯಲ್ಲಿದ್ದ.

ಪ್ರವಾಸದ ವರದಿ ನನಗೆ ಆಮೇಲೆ ಸಿಕ್ಕಿತು. ಕೋಟೆಯ ಮುಂದೆ ರಂಗಪ್ಪನವರು, “ಇದು ಕೋಟೇನಾ? ಕೋಟೆ ನೋಡಬೇಕಾದ್ರೆ ನಮ್ಮ ಮಾಗಡಿಗೆ ಬನ್ನಿ,” ಎಂದು ಅಮ್ಮನ ದೊರೆಯನ್ನೂ ನಾಯಿಯನ್ನೂ ಒಂದೇ ಏಟಿಗೆ ಮುಗಿಸಿದರಂತೆ. ಸಮುದ್ರದ ಮುಂದೆ, “ಆಚೆ ದಡದಲ್ಲಿ ಎಮ್ಮೆ ಇವೆ,” ಅಂದರಂತೆ. ಗೌರಮ್ಮನವರು ಮಾತ್ರ ಏನೂ ಅನ್ನದೆ ನೀರಿಗೆ ಇಳಿದು ಕಾಲು ತೊಳೆದು, ತಲೆಗೆ ನೀರು ಪ್ರೋಕ್ಷಿಸಿಕೊಂಡು ಬಂದರಂತೆ. ಅಮ್ಮನಿಗೆ ಅಷ್ಟೇ ಸಾಕಾಯಿತು. “ಆವಮ್ಮ ಒಳ್ಳೇವ್ಳು,” ಎಂದು ಹಿತ್ತಲಲ್ಲಿ ನನ್ನ ಕಿವಿಯಲ್ಲಿ ಉಸುರಿದಳು.

ಪ್ರವಾಸ ಮುಗಿಸಿ ಬಂದವರು ಎರವಲು ತಂದ ಕುರ್ಚಿಗಳ ಮೇಲೆ ಕೂತರು. ಅಪ್ಪ ಇನ್ನೇನು ಬರುತ್ತಾರೆ. ನಾನು ಅಮ್ಮನ ಧಾರೆ ಸೀರೆಯುಟ್ಟು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಹುಡುಗನ ಕಾಲು ಮಾತ್ರ. ಕಾಲ್ಬೆರಳುಗಳು ಮೇಷ್ಟರವೆಂದು ಹೇಳುವಷ್ಟು ಶಿಸ್ತಾಗಿ ನೆಲಕ್ಕೆ ಒತ್ತಿಕೊಂಡಿದ್ದವು. ಸೆಲ್ವಿ ಒಲೆಯ ಮುಂದೆ ಕೇಸರಿಬಾತು ತಿರುವುತ್ತಿದ್ದಳು. ಆಗ ಮನೆ ನಡುಗಿತು. ಮೇಲಿನ ಶೀಟು ಜಲ್ಲೆಂದಿತು, ಗೋಡೆಗೆ ತೂಗುಹಾಕಿದ್ದ ದೇವರ ಪಟ ವಾಲಿತು.

ರಂಗಪ್ಪನವರು, “ಭೂಕಂಪ! ಭೂಕಂಪ!” ಎಂದು ಕುರ್ಚಿ ಸಮೇತ ಬೀದಿಗೆ ಬಿದ್ದರು. ಅಮ್ಮ ಒಲೆ ಆರಿಸಿದಳು. ನಾನು ಕಾಫಿ ತಟ್ಟೆ ನೆಲಕ್ಕಿಟ್ಟೆ. ಸೆಲ್ವಿಗೆ ಇದು ಮೊದಲ ಸಲ. ಸೌಟು ಹಿಡಿದುಕೊಂಡು ನಮ್ಮ ಮುಖ ಮುಖ ನೋಡಿದಳು. ನಮ್ಮ ಮುಖದಲ್ಲೇ ಅವಳಿಗೆ ಗೊತ್ತಾಯಿತು.

“ಕೂತಿರಿ ಸ್ವಾಮಿ, ಈಗ ಬಂದ್ಬುಡ್ತೀವಿ,” ಎಂದು ರಂಗಪ್ಪನವರಿಗೆ ಕೈಮುಗಿದು ಅಮ್ಮ ಹೊರಟೇಬಿಟ್ಟಳು. ಹಿಂದೆ ನಾನು, ರೇಷ್ಮೆ ಸೀರೆಯಲ್ಲಿ, ಬರಿಗಾಲಲ್ಲಿ. ನನ್ನ ಪಕ್ಕ ಸೆಲ್ವಿ, ಕೈಯಲ್ಲಿ ಸೌಟು ಹಾಗೇ ಇತ್ತು.

“ಹೆಣ್ಣು ಎಲ್ಲಿಗ್ರೀ ಹೊರಟಳು? ಹೆಣ್ಣು ಎಲ್ಲಿಗೆ ಹೊರಟಳು?” ಎಂದು ರಂಗಪ್ಪನವರು ಹಿಂದಿನಿಂದ ಕೂಗುತ್ತಲೇ ಇದ್ದರು.

ಭಾನುವಾರವಾದ್ದರಿಂದ ಗೇಟಿನ ಹತ್ತಿರ ಹೆಚ್ಚು ಜನವಿರಲಿಲ್ಲ. ಚಕ್ರ ನಿಂತಿತ್ತು. ಚಕ್ರ ನಿಂತಿರುವಾಗ ಹೊತ್ತು ಹೇಗೆ ಹೋಗುತ್ತದೆಂದು ನನಗೆ ಹೇಳಲು ಬರುವುದಿಲ್ಲ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕೊನೆಗೊಮ್ಮೆ ಗಂಟೆ ಮೊಳಗಿತು, ಚಕ್ರ ತಿರುಗಿತು. ಮೊದಲ ಕೇಜಿನಲ್ಲಿ ಬಂದವರಲ್ಲಿ ಅಪ್ಪ ಇದ್ದರು. ಮೈಯೆಲ್ಲ ಧೂಳು, ಕಣ್ಣು ಮಾತ್ರ ಕಾಣುತ್ತಿತ್ತು. ಗೇಟಿನಾಚೆ ರೇಷ್ಮೆ ಸೀರೆಯಲ್ಲಿದ್ದ ನನ್ನನ್ನು ನೋಡಿ ಅವರು ಬೆಚ್ಚಿಬಿದ್ದರು.

“ಇದ್ಯಾಕಮ್ಮಿ ಬಂದೆ? ಅವ್ರು ಬಂದವ್ರಲ್ಲ?”

ನಾನು ಉತ್ತರ ಕೊಡುವ ಮೊದಲೇ ರಂಗಪ್ಪನವರು ಹುಡುಗನನ್ನೂ ಅಕ್ಕನನ್ನೂ ಹಿಂದಿಟ್ಟುಕೊಂಡು ಗೇಟಿಗೆ ಬಂದಿದ್ದರು. ನಮ್ಮನ್ನು ಹುಡುಕುವುದು ಕಷ್ಟವಿರಲಿಲ್ಲ, ಲೈನಿನ ಮಕ್ಕಳೆಲ್ಲ ಅತ್ತಲೇ ಓಡುತ್ತಿದ್ದವು. ಅವರು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, ಕೈಗಡಿಯಾರ ನೋಡಿ, “ಸದ್ಯ, ಯಜಮಾನರು ಬಂದ್ರಲ್ಲ. ದೇವರು ದೊಡ್ಡೋನು. ಇನ್ನೇನು, ನಡೀರಿ. ರಾಹುಕಾಲಕ್ಕೆ ಇನ್ನು ಅರ್ಧ ಗಂಟೆ ಇಲ್ಲ,” ಎಂದರು.

ಅಪ್ಪ ತಿರುಗಿ ಕೇಜಿನ ಕಡೆ ನೋಡಿದರು. “ಮುರುಗನ್ ಬಂದಿಲ್ಲ,” ಎಂದರು ಮೆಲ್ಲಗೆ. “ಅವನು ಆಚೆ ಕಡೆ ಇದ್ದ. ದಾರಿಗೆ ಕಲ್ಲು ಬಿದ್ದದೆ, ತೆಗೀತಾವ್ರೆ.”

ಸೆಲ್ವಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಆದರೆ ಗಂಡನ ಹೆಸರು ಯಾವ ಭಾಷೆಯಲ್ಲಿ ಹೇಳಿದರೂ ಗೊತ್ತಾಗುತ್ತದಲ್ಲ. ಅವಳು ನನ್ನ ಮಣಿಕಟ್ಟು ಹಿಡಿದಳು.

ಅಮ್ಮ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಸೆಲ್ವಿಯನ್ನು ನೋಡಿದಳು. ನಲ್ಲಿಯ ಹತ್ತಿರ ಮೂರು ಭಾಷೆಯ ಜಗಳ ಬಿಡಿಸುವ ನನ್ನಮ್ಮ ಅವತ್ತು ಒಂದು ಮಾತಿಗೆ ತಡಕಾಡಿದಳು. ನನ್ನ ಹತ್ತಿರ ಬಂದು ಪಿಸುಗುಟ್ಟಿದಳು: “ನೀನು ಅಪ್ಪನ ಜತೇಲಿ ಓಗ್ಬುಡಮ್ಮಿ. ಕಾಪಿ ಕೊಟ್ಟು, ನಮಸ್ಕಾರ ಮಾಡ್ಬುಟ್ಟು ಬಾ. ನಾನಿಲ್ಲಿರ್ತೀನಿ. ಒಂದು ಸಲಕ್ಕೆ ಯಾರೂ ಏನೂ ಅಂದ್ಕಳಾಕಿಲ್ಲ.”

ನಾನು ಹೋಗಲಿಲ್ಲ. ದೊಡ್ಡ ಧೈರ್ಯವೆಂದು ತಿಳಿಯಬೇಡಿ. ಸೆಲ್ವಿಯ ಹಿಡಿತ ಬಿಡಿಸಿಕೊಳ್ಳಲು ಪೈಲ್ವಾನನೇ ಬರಬೇಕಾಗಿತ್ತು, ನನ್ನ ಬಳೆಗಳಲ್ಲಿ ಎರಡು ಆಗಲೇ ಒಡೆದಿದ್ದವು. ನೆಲ ನೋಡಿಕೊಂಡೇ ರಂಗಪ್ಪನವರಿಗೆ ಹೇಳಿದೆ: “ಮುರುಗಣ್ಣ ಇನ್ನೂ ಮೇಲಕ್ಕೆ ಬಂದಿಲ್ಲ.” ಗಂಡಿನ ಕಡೆಯವರೊಂದಿಗೆ ನಾನಾಡಿದ ಮೊದಲ ಮಾತು ಅದು.

“ಯಾರಮ್ಮ ಅದು ಮುರುಗಣ್ಣ? ನಿಮ್ಮ ಸಂಬಂಧಿಕರಾ?”

“ಅಲ್ಲ.”

“ಮತ್ತೆ?”

ರಂಗಪ್ಪನವರದ್ದೂ ತಪ್ಪಿಲ್ಲ. ಕೋಟೆಯ ಊರಿನವರು, ಅವರಿಗೆ ನಮ್ಮ ಗೇಟಿನ ಕಾಯಿದೆ ಹೇಗೆ ಗೊತ್ತಾಗಬೇಕು? “ಶಾಸ್ತ್ರ ಕೆಟ್ಟ ಮೇಲೆ ಇನ್ನೇನಿದೆ. ನಡಿಯೋ ಸಿದ್ದ, ರೈಲಿಗೆ ಹೊತ್ತಾಯ್ತು. ಅಕ್ಕಾ, ಬಾ,” ಎಂದು ಸ್ಟೇಷನ್ನಿನ ದಾರಿ ಹಿಡಿದರು. ಅಮ್ಮ ಕಣ್ಣು ಮುಚ್ಚಿಕೊಂಡಳು. ಮುಗಿಯಿತು, ಮೂರನೆಯದೂ ಮುಗಿಯಿತು ಎಂದು ನಾನೂ ಅಂದುಕೊಂಡೆ. ಅಳು ಬಂತು. ಮುರುಗನಿಗಾಗಿ ಅಳುತ್ತಿದ್ದೇನೆಂದು ಸೆಲ್ವಿ ತಿಳಿದು ಅವಳೂ ಅತ್ತಳು. ನಾನು ಅವಳ ಸೌಟನ್ನು ಇಸಿದುಕೊಂಡು ಕಂಕುಳಲ್ಲಿಟ್ಟುಕೊಂಡೆ.

ಗೌರಮ್ಮನವರು ತಮ್ಮನ ಹಿಂದೆ ಹೋಗಲಿಲ್ಲ. “ನೀನು ಹೋಗಿ ಸ್ಟೇಷನ್ನಲ್ಲಿ ಕೂತಿರು ರಂಗ, ಬರ್ತೀನಿ,” ಎಂದವರು ಬಂದು ಸೆಲ್ವಿಯ ಇನ್ನೊಂದು ಪಕ್ಕದಲ್ಲಿ, ಗೇಟಿನ ಕಲ್ಲಿನ ಮೇಲೆ ಕೂತರು. ಸಿದ್ದರಾಜು ಅತ್ತ ಮಾವನನ್ನೂ ಇತ್ತ ತಾಯಿಯನ್ನೂ ನೋಡಿ, ಎಲ್ಲಿಗೂ ಹೋಗದೆ ಬೇವಿನ ಮರದ ಕೆಳಗೆ ನಿಂತ.

ಮತ್ತೆ ಚಕ್ರ ತಿರುಗಿತು. ಬಂದವರಲ್ಲಿ ಮುರುಗ ಇರಲಿಲ್ಲ. ಇನ್ನೊಮ್ಮೆ ತಿರುಗಿತು. ಇಲ್ಲ. ಯಾರ ಗಂಡಂದಿರು ಬಂದರೋ ಆ ಹೆಂಗಸರು ಇದ್ದಲ್ಲೇ ನಿಂತಿದ್ದರು. ಬಿಸಿಲು ಇಳಿಯಿತು. ರಾಹುಕಾಲ ಬಂದು, ತನ್ನ ಪಾಡಿಗೆ ಅರ್ಧ ಕಳೆದೂ ಹೋಯಿತು. ಗೇಟು ಕಾಯುವ ಮುದುಕ ಹೊಸ ಮುಖ ನೋಡಿ ಗೌರಮ್ಮನವರ ಹತ್ತಿರ ಬಂದ. ಅವನಿಗೆ ಲೈನಿನ ಎಲ್ಲ ಹೆಂಗಸರೂ ಗೊತ್ತು.

“ನೀ ಯಾರಿಗಮ್ಮಾ ಕಾಯ್ತಿರೋದು?”

“ಮುರುಗನಿಗೆ,” ಎಂದರು ಗೌರಮ್ಮ.

ಮುರುಗ ಕಪ್ಪಗಿದ್ದಾನೋ ಕೆಂಪಗಿದ್ದಾನೋ ಆವಮ್ಮನಿಗೆ ಗೊತ್ತಿಲ್ಲ. ಅಮ್ಮ ಥಟ್ಟನೆ ತಿರುಗಿ ಅವರನ್ನು ನೋಡಿದಳು.

ಕೊನೆಯ ಕೇಜಿನಲ್ಲಿ ಮುರುಗ ಬಂದ. ಇಬ್ಬರ ಹೆಗಲ ಮೇಲೆ ಕೈಹಾಕಿಕೊಂಡು, ಒಂದು ಕಾಲು ಎಳೆಯುತ್ತ, ಹಣೆಗೆ ಬಟ್ಟೆ ಕಟ್ಟಿಕೊಂಡು, ಆದರೆ ತನ್ನ ಕಾಲ ಮೇಲೇ ಬಂದ. ಸೆಲ್ವಿ ನನ್ನ ಕೈ ಬಿಟ್ಟಳು. ಓಡಿಹೋಗಿ ಅಪ್ಪಿಕೊಂಡಾಳೆಂದು ನಾವೆಲ್ಲ ಕಾದರೆ, ಅವಳು ಅವನೆದುರು ನಿಂತು, ಇಷ್ಟು ಹೊತ್ತು ಏನು ಮಾಡುತ್ತಿದ್ದೆ, ಮನೆ ನೆನಪಿಲ್ಲವಾ ಎಂದು ತಮಿಳಿನಲ್ಲಿ ವಾಚಾಮಗೋಚರವಾಗಿ ಬೈಯತೊಡಗಿದಳು. ಹೆಂಗಸರೆಲ್ಲ ನಕ್ಕರು, ಅತ್ತರು, ಒಬ್ಬರನ್ನೊಬ್ಬರು ತಳ್ಳಾಡಿದರು. ಮುರುಗ ತಲೆ ತಗ್ಗಿಸಿ ಬೈಸಿಕೊಂಡ.

ಅಪ್ಪ ಧೂಳಿನ ಕೈಗಳನ್ನು ಅಂಗಿಗೆ ಒರೆಸಿಕೊಂಡು ಗೌರಮ್ಮನವರ ಮುಂದೆ ಬಂದು ನಿಂತರು. “ತಪ್ಪಾಯ್ತಮ್ಮ. ಅಷ್ಟು ದೂರದಿಂದ ಬಂದೋರ್ನ ಬೀದೀಲಿ ನಿಲ್ಲಿಸ್ಬುಟ್ಟೋ. ಒಳ್ಳೇ ಹೊತ್ತು ಓಗ್ಬುಡ್ತು. ನಿಮ್ಮ ತಮ್ಮನೋರೂ ಬೇಜಾರಾದ್ರು.”

“ಅವನು ಹಂಗೇ ಬಿಡಿ, ಸರಿ ಹೋಗ್ತಾನೆ.” ಗೌರಮ್ಮನವರು ಕಲ್ಲಿನಿಂದ ಎದ್ದು ಸೀರೆ ಕೊಡವಿಕೊಂಡರು. ಬೆಳಗಿನಿಂದ ಮಾತಾಡದವರು ಈಗ ತಡೆಯದೆ ಆಡಿದರು. “ನಮ್ಮೆಜಮಾನ್ರು ಬೆಂಗಳೂರಿಂದ ಸಾಯಂಕಾಲದ ಬಸ್ಸಿಗೆ ಬರಬೇಕಾಗಿತ್ತು ಅಣ್ಣ. ದಾರೀಲಿ ಬಸ್ಸು ಮಗುಚ್ಕೊಂಡಿದೆ ಅಂತ ಸುದ್ದಿ ಬಂತು. ನಾವೆಲ್ಲ ಬಸ್‌ಸ್ಟ್ಯಾಂಡಿಗೆ ಓಡಿದ್ವಿ, ಊರೇ ಬಂದು ನಿಂತಿತ್ತು. ಜೀಪಲ್ಲಿ, ಲಾರೀಲಿ ಒಬ್ಬೊಬ್ಬರೇ ಬಂದ್ರು. ಬಂದೋರನ್ನ ಅವರವರ ಮನೆಯೋರು ಕರ್ಕೊಂಡು ಹೋದ್ರು. ಹೋಗ್ತಾ ಹೋಗ್ತಾ ಕೊನೇಗೆ ನಾನು, ನನ್ನ ಸೊಂಟದ ಮೇಲೆ ಇವನು, ಇಬ್ಬರೇ ಉಳ್ಕೊಂಡ್ವಿ. ನನಗೆ ಸುದ್ದಿ ಹೇಳಕ್ಕೆ ಬಂದ ಪೊಲೀಸ್ನೋನು, ‘ಜೊತೇಲಿ ಯಾರಾದ್ರೂ ಇದಾರೇನಮ್ಮ’ ಅಂತ ಕೇಳ್ದ. ಯಾರೂ ಇರಲಿಲ್ಲ. ಅವರದ್ದು ತಪ್ಪು ಅಂತ ಅನ್ನಲ್ಲ, ಅವರವರ ಸಂತೋಷ ಅವರವರಿಗೆ. ಆದ್ರೆ ಒಬ್ಬಳು, ಒಬ್ಬಳಾದ್ರೂ ನಿಂತಿದ್ದಿದ್ರೆ ಅಂತ ಇವತ್ತಿಗೂ ಅನ್ನಿಸುತ್ತೆ.”

ಅವರು ನನ್ನ ಕಂಕುಳಿಂದ ಸೌಟು ತೆಗೆದು ಅಮ್ಮನ ಕೈಗೆ ಕೊಟ್ಟು, ನನ್ನ ಒಡೆದ ಬಳೆಯ ಗೀರಿನ ಮೇಲೆ ಬೆರಳಾಡಿಸಿದರು.

“ಹುಡುಗೀನ ನೋಡಿದ್ದಾಯ್ತು. ನಮ್ಮನೆಗೆ ಕೊಡ್ತೀರಾ?”

ಅಪ್ಪ ಅಮ್ಮನನ್ನು ನೋಡಿದರು, ಅಮ್ಮ ಅಳುವುದರಲ್ಲಿದ್ದಳು. ಇಬ್ಬರೂ ನನ್ನ ಕಡೆ ನೋಡಿದರು. ನಾನು ಬೇವಿನ ಮರದ ಕಡೆ ಕಣ್ಣೆತ್ತಲೂ ಇಲ್ಲ, ಹೂಂ ಅಂದೆ. ತನ್ನನ್ನು ನೋಡಿ ಒಪ್ಪಿಕೊಂಡಳೆಂದು ನಮ್ಮನೆ ಮೇಷ್ಟ್ರು ಇವತ್ತಿಗೂ ನೆಂಟರಿಷ್ಟರ ಮುಂದೆ ಹೇಳಿಕೊಂಡು ತಿರುಗುತ್ತಾರೆ, ತಿರುಗಲಿ ಪಾಪ. ಅವರ ಮುಖವನ್ನು ನಾನು ಸರಿಯಾಗಿ ನೋಡಿದ್ದೇ ಧಾರೆಯ ದಿನ. ಆ ಗೇಟಿನ ಮುಂದೆ ನಾನು ಒಪ್ಪಿಕೊಂಡದ್ದು ಅವರ ತಾಯಿಯನ್ನು.